ಬೋನಾಳದ ಟಾಕಿ ತುಂಬುವ ಹೊತ್ತು

ಅಂಬ್ರಪ್ಪನಿಗೆ ಯಂತ್ರಗಳ ಮೇಲೆ ಸಿಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ದಿನಗಳಲ್ಲಿ ಅವನ ಮುಖ ನೋಡಿದವರೆಲ್ಲ ಹಾಗೇ ತಿಳಿದುಕೊಂಡರು. ಕೃಷ್ಣೆಯ ದಂಡೆಯ ಪಂಪ್‌ಹೌಸಿನಲ್ಲಿ ಇಷ್ಟು ವರ್ಷ ಮೋಟರಿನ ಜೊತೆ ಬಾಳ್ವೆ ಮಾಡಿದವನು ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುತ್ತಾನೆ? ಮೋಟರು ಸ್ವಲ್ಪ ಬೇರೆ ಸದ್ದು ಮಾಡಿದರೂ ಊಟದ ತಾಟು ಬಿಟ್ಟು ಏಳುವ ಮನುಷ್ಯ ಅವನು. ಅವನ ಸಂಕಟ ಬೇರೆಯೇ ಇತ್ತು, ಅದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ವಿಷಯ ಇಷ್ಟೇ. ನದಿಯಲ್ಲಿ ಎತ್ತಿದ ನೀರು ಪೈಪಿನಲ್ಲಿ ಗದ್ದೆ ದಾಟಿ, ಕಾಲುವೆ ದಾಟಿ, ಬೋನಾಳದ ಎತ್ತರದ ಟಾಕಿಗೆ ಹೋಗಿ ಬೀಳುತ್ತದೆ. ಅಲ್ಲಿಂದ ಸುತ್ತಲಿನ ಹಳ್ಳಿಗಳ ನಳಗಳಿಗೆ ಹೋಗುತ್ತದೆ. ನದಿಯ ಹತ್ತಿರ ನಿಂತರೆ ಟಾಕಿ ಕಾಣುವುದಿಲ್ಲ, ಟಾಕಿಯ ಹತ್ತಿರ ನಿಂತರೆ ನದಿ ಕಾಣುವುದಿಲ್ಲ. ಹಾಗಾದರೆ ಟಾಕಿಯಲ್ಲಿ ನೀರೆಷ್ಟಿದೆ ಎಂದು ಮೋಟರು ನಡೆಸುವವನಿಗೆ ಗೊತ್ತಾಗುವುದು ಹೇಗೆ? ಫೋನಿನಲ್ಲಿ. ಟಾಕಿ ನೋಡಿಕೊಳ್ಳುವ ಲಾಲಮ್ಮ ಅಲ್ಲಿ, ಅಂಬ್ರಪ್ಪ ಇಲ್ಲಿ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಇವನು ಫೋನು ಹಚ್ಚಿ "ಹಾಕಲೇನ್ರಿ?" ಎಂದು ಕೇಳುತ್ತಿದ್ದ. ಅವಳು ಟಾಕಿಯ ಮೈಮೇಲಿನ ಅಳತೆಯ ಪಟ್ಟಿ ನೋಡಿ "ಹಾಕ್ರಿ, ತಳಾ ಕಂಡಾದ" ಎನ್ನುತ್ತಿದ್ದಳು. ತುಂಬಿದ ಮೇಲೆ ಅವಳೇ ಹಚ್ಚುತ್ತಿದ್ದಳು. "ಬಂದ್ ಮಾಡ್ರಿ, ಬಂದ್ ಮಾಡ್ರಿ, ಮ್ಯಾಲಿಂದ ಸುರಿಯಾಕತ್ತದ!"

ಮಾತು ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಮೋಟರು ಹಾಕಿದ ಮೇಲೆ ನೀರು ಅಲ್ಲಿಗೆ ಮುಟ್ಟಲು ಹೊತ್ತು ಬೇಕಲ್ಲ, ಆ ಹೊತ್ತಿನಲ್ಲಿ ಏನು ಮಾಡುವುದು? ಊಟ ಆಯಿತೇ ಎಂದು ಕೇಳುವುದು. ಏನು ಪಲ್ಯ ಎಂದು ಕೇಳುವುದು. ಹೆಂಡತಿ ತೀರಿಕೊಂಡ ಮೇಲೆ ಅಂಬ್ರಪ್ಪ ತಾನೇ ಒಲೆ ಹಚ್ಚಿಕೊಳ್ಳುತ್ತಿದ್ದ. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಯಾವಾಗ ಹಾಕಬೇಕು, ಬೆಳ್ಳುಳ್ಳಿ ಎಷ್ಟು ಜಜ್ಜಬೇಕು, ಎಲ್ಲವನ್ನೂ ಲಾಲಮ್ಮ ಫೋನಿನಲ್ಲೇ ಕಲಿಸಿದಳು. ಬೋನಾಳದ ಕೆರೆಗೆ ಯಾವ ಹಕ್ಕಿ ಬಂತು, ಯಾರ ಎಮ್ಮೆ ಈಯಿತು, ಹುಣಸಗಿಯ ಬಸ್ಸು ಇವತ್ತೂ ಯಾಕೆ ನಿಲ್ಲಿಸಲಿಲ್ಲ, ಎಲ್ಲ ಅವಳ ಬಾಯಿಂದಲೇ ಇವನಿಗೆ ಗೊತ್ತು. ಕಡೆಗೆ ನೀರು ಬಂದು ಟಾಕಿಯೊಳಗೆ ಧುಮ್ಮಿಕ್ಕಿದಾಗ ಅವಳು ಫೋನನ್ನು ಪೈಪಿನ ಕಡೆಗೆ ಎತ್ತಿ ಹಿಡಿಯುತ್ತಿದ್ದಳು. "ಕೇಳ್ರಿ, ನಿಮ್ಮ ನೀರು ಬಂತು." ನದಿಯ ನೀರಿಗೆ ನಿಮ್ಮ ನೀರು ಎಂದವರು ಅಂಬ್ರಪ್ಪನ ಜನ್ಮದಲ್ಲಿ ಅವಳೊಬ್ಬಳೇ.

ಇನ್ನೊಂದು ಮಾತು. ಲಾಲಮ್ಮ ಗಂಡ ಸತ್ತ ಹೆಂಗಸು, ನಾಲ್ಕು ಜನರ ನಡುವೆ ಕೆಲಸ ಮಾಡುವವಳು. ಹಾಲಿನವನಿಗೆ ಅಣ್ಣ, ಕಂಡಕ್ಟರನಿಗೆ ಅಣ್ಣ, ಲೈನ್‌ಮನ್ ಹುಡುಗನಿಗೂ ಅಣ್ಣ. ಅಂಬ್ರಪ್ಪನಿಗೆ ಮಾತ್ರ ಒಮ್ಮೆಯೂ ಅಣ್ಣ ಅನ್ನಲಿಲ್ಲ. "ಪಂಪಿನೋರ" ಎನ್ನುತ್ತಿದ್ದಳು. ಇವನೂ ತಂಗಿ ಅನ್ನಲಿಲ್ಲ, ಅಕ್ಕ ಅನ್ನಲಿಲ್ಲ, "ಟಾಕಿಯೋರ" ಎನ್ನುತ್ತಿದ್ದ. ಒಮ್ಮೆ ಬಾಯಲ್ಲಿ ಬಂದುಬಿಟ್ಟರೆ ಆ ಸಂಬಂಧ ಅಲ್ಲಿಗೇ ಗಟ್ಟಿಯಾಗಿಬಿಡುತ್ತದೆ ಎಂಬ ಹೆದರಿಕೆ ಅವನಿಗಿತ್ತು. ಅವಳಿಗೂ ಇತ್ತೇ? ಅದನ್ನೇ ಅವನು ಎಷ್ಟೋ ಮಧ್ಯಾಹ್ನ ಮೋಟರಿನ ಮುಂದೆ ಕೂತು ಯೋಚಿಸಿದ್ದ.

ಫೋನಿನಲ್ಲಿ ಇಷ್ಟು ಮಾತಾಡುವ ಗಂಡಸು ಎದುರಿಗೆ ಸಿಕ್ಕರೆ ಏನಾಗುತ್ತಿದ್ದ ಗೊತ್ತೇ? ಬಾಯಿಗೆ ಬೀಗ. ವರ್ಷಕ್ಕೊಮ್ಮೆ ಸುರಪುರದ ಆಫೀಸಿಗೆ ಎಲ್ಲ ಆಪರೇಟರುಗಳನ್ನು ಕರೆಯುತ್ತಿದ್ದರು. ಹೋದ ಸಲ ಬಾಗಿಲಲ್ಲೇ ಲಾಲಮ್ಮ ಸಿಕ್ಕಳು, "ಬಂದ್ರೇನ್ರಿ?" ಎಂದಳು. ಇವನು "ಹೂಂ" ಎಂದ. ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಹೇಳಬಹುದಾಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ತನಗೆ ತಾನೇ ಬೈದುಕೊಂಡ. ವಡಗೇರಾಕ್ಕೆ ಕೊಟ್ಟ ಮಗಳು ಯಶೋಧರಾ ಬಂದಾಗಲೆಲ್ಲ, "ಯಪ್ಪಾ, ನಮ್ಮ ಮಂದ್ಯಾಗ ಉಡಿಕಿ ಮಾಡಿಕೊಳ್ಳೋದು ಹೊಸಾದೇನಲ್ಲ, ಎರಡನೇ ಲಗ್ನ ಯಾರ್ ಮಾಡಿಕೊಂಡಿಲ್ಲ ಹೇಳು. ಒಬ್ಬನ ಎಷ್ಟ್ ದಿನ ಇರ್ತಿ?" ಎನ್ನುತ್ತಿದ್ದಳು. ಅವಳ ಮೇಲೆ ಇವನು ಗುರ್ರೆನ್ನುತ್ತಿದ್ದ.

ಇಂಥ ಹೊತ್ತಿನಲ್ಲಿ ಶಹಾಪುರದಿಂದ ತೌಫೀಕ್ ಬಂದ. ಗುತ್ತಿಗೆ ಹಿಡಿದ ಕಂಪನಿಯ ಎಂಜಿನಿಯರು. ಲ್ಯಾಪ್‌ಟಾಪು, ವೈರಿನ ಸುರುಳಿ, ಆಂಟೆನಾ, ಬೂದು ಬಣ್ಣದ ಒಂದು ಪೆಟ್ಟಿಗೆ ಇಳಿಸಿಕೊಂಡು ಪಂಪ್‌ಹೌಸಿನ ಗೋಡೆಗೆ ಡ್ರಿಲ್ ಹಿಡಿದೇಬಿಟ್ಟ. ಹುಡುಗ ಒಳ್ಳೆಯವನು, ಮಾತುಗಾರ, ಕೆಲಸದಲ್ಲಿ ಚುರುಕು.

"ಕಾಕಾ, ಇದಕ್ಕ ಪಿಎಲ್‌ಸಿ ಅಂತಾರ. ಮೋಟರ್ ಹಾಕೋದು, ತೆಗೆಯೋದು, ಇನ್ ಮ್ಯಾಲೆ ಇದ ನೋಡ್ಕೋತದ. ಇಂಥಾದ ಇನ್ನೊಂದು ಬೋನಾಳದ ಟಾಕಿ ಕೆಳಗ ಕೂಡ್ಸಿ ಬಂದೀನಿ. ಎರಡರ ನಡುವ ರೇಡಿಯೋ ಅದ. ಇದಕ್ಕ ಒಂದನೇ ನಂಬರ್ ಕೊಟ್ಟೀನಿ, ಅದಕ್ಕ ಎರಡನೇದು. ಇದು ಕೇಳ್ತದ, ಎರಡನೇ ನಂಬರೇ, ನೀರೆಷ್ಟದ? ಅದು ಹೇಳ್ತದ. ತನ್ನ ನಂಬರ್ ಕರೆಯೋತನಕ ಅದು ಬಾಯಿ ಬಿಡಂಗಿಲ್ಲ."

"ಕರದ್ರೂ ಬಾಯಿ ಬಿಡಲಿಲ್ಲಂದ್ರ?" ಎಂದು ಅಂಬ್ರಪ್ಪ ಕೇಳಿದ.

"ಅದಕ್ಕೂ ವ್ಯವಸ್ಥಾ ಅದ. ನೀರಿನ ಲೆಕ್ಕದ ಸಂಗಡ, ನಾ ಇದ್ದೀನಿ ಅಂತ ಒಂದು ಸಣ್ಣ ಸುದ್ದಿ ಅಲ್ಲಿಂದ ಸೆಕೆಂಡ್ ಸೆಕೆಂಡಿಗೆ ಬರ್ತಿರ್ತದ. ಈ ಹಸಿರು ದೀಪ ಮಿಣಕ್ ಮಿಣಕ್ ಅಂತಂದ್ರ ಬರಾಕತ್ತದ ಅಂತ ತಿಳೀರಿ. ಅದು ನಿಂತ್ರ ಇದು ಚೂರು ಕಾದು ನೋಡ್ತದ, ಆಮ್ಯಾಲೆ ಮೋಟರ್ ಬಂದ್ ಮಾಡಿಬಿಡ್ತದ. ಅಲ್ಲಿ ಟಾಕಿ ತುಂಬಿ ಸುರದ್ರ ಯಾರು ನೋಡೋರು?"

ಅಂಬ್ರಪ್ಪ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ. "ಊಟ ಆತೇನಂತ ಕೇಳ್ತಾವೇನ್ರಿ ಸರ್ರ, ಒಂದಕ್ಕೊಂದು?"

ತೌಫೀಕ್ ಬಿದ್ದು ಬಿದ್ದು ನಕ್ಕ. ಅಂಬ್ರಪ್ಪ ನಗಲಿಲ್ಲ.

ಮೊದಲ ದಿನ ಎರಡೂ ಪೆಟ್ಟಿಗೆ ಮಾತಾಡಲಿಲ್ಲ. ಇದು ಕರೆಯುತ್ತದೆ, ಅದು ಸುಮ್ಮನಿರುತ್ತದೆ. ತೌಫೀಕ್ ಆಂಟೆನಾ ತಿರುಗಿಸಿದ, ವೈರು ಬಿಚ್ಚಿ ಕಟ್ಟಿದ, ತಲೆ ಕೆರೆದುಕೊಂಡ. ಅಂಬ್ರಪ್ಪ ಮಾತ್ರ ಒಳಗೊಳಗೇ ಖುಷಿಯಾಗಿ ಅವನಿಗೆ ಎರಡೆರಡು ಸಲ ಚಹಾ ಮಾಡಿಕೊಟ್ಟ. ಮರುದಿನ ಗೊತ್ತಾಯಿತು, ಇದಕ್ಕೆ ಒಂದು ವೇಗ, ಅದಕ್ಕೆ ಇನ್ನೊಂದು ವೇಗ ಇಟ್ಟುಬಿಟ್ಟಿದ್ದರಂತೆ. ಒಬ್ಬ ಗಡಬಡಿಸಿ ಕೇಳಿದ್ದು ನಿಧಾನದವನಿಗೆ ತಿಳಿದೀತೇ? ಎರಡನ್ನೂ ಒಂದೇ ವೇಗಕ್ಕೆ ತಂದ ಕೂಡಲೇ ಹಸಿರು ದೀಪ ಮಿಣುಕಿತು. ಮೋಟರು ಯಾರನ್ನೂ ಕೇಳದೆ ತಾನೇ ಶುರುವಾಯಿತು, ಟಾಕಿ ತುಂಬಿದಾಗ ತಾನೇ ನಿಂತಿತು. ಅಂಬ್ರಪ್ಪ ಆವತ್ತು ಅರ್ಧ ರೊಟ್ಟಿಗೇ ತಾಟು ಸರಿಸಿದ.

"ಈಗ ಟ್ರಯಲ್, ಕಾಕಾ," ಎಂದ ತೌಫೀಕ್. "ಒಂದು ವಾರ ನಡುವ ಕಡೀಲಾರದಂಗ ನಡೀಬೇಕು. ನಡೀಲಿಲ್ಲಂದ್ರ ಇದನ್ನ ಕಿತ್ತು ಗಾಡ್ಯಾಗ ಹಾಕ್ಕೊಂಡು ಹೋಗೋದ, ಮತ್ತ ನಿಮ್ಮ ಹಳೇ ಫೋನ್ ಪದ್ಧತಿನ. ಹಂಗಂತ ಅಲ್ಲೀತನಕ ಯಾರೂ ಫೋನ್ ಮ್ಯಾಲೆ ಮೋಟರ್ ನಡೆಸಂಗಿಲ್ಲ, ಏನು?"

ಕಿತ್ತುಕೊಂಡು ಹೋಗುತ್ತಾರೆ ಎಂಬ ಮಾತೊಂದೇ ಅಂಬ್ರಪ್ಪನ ಕಿವಿಯಲ್ಲಿ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಅವನ ವನವಾಸ. ಊಟದ ಹೊತ್ತಾಗುತ್ತದೆ, ಕೈ ತಾನಾಗೇ ಅಂಗಿಯ ಜೇಬಿಗೆ ಹೋಗುತ್ತದೆ, ಫೋನು ಹೊರಗೆ ಬರುತ್ತದೆ, ಬೆರಳು ಅವಳ ನಂಬರಿನ ಮೇಲೆ ನಿಲ್ಲುತ್ತದೆ. ಹಚ್ಚಿ ಏನು ಹೇಳಬೇಕು? ಹಾಕಲೇನ್ರಿ ಎಂದು ಕೇಳುವ ಹಾಗಿಲ್ಲ, ಹಾಕುವುದು ತೆಗೆಯುವುದು ಈಗ ಪೆಟ್ಟಿಗೆಯ ಪಾಲು. ಪುಂಡಿಪಲ್ಯ ಮಾಡುವುದು ಹೇಗೆ ಎಂದು ಕೇಳಲೇ? ಅದನ್ನು ಕಲಿತು ಎಷ್ಟೋ ವರ್ಷವಾಯಿತು. ಕೆಲಸವಿಲ್ಲದೆ ಗಂಡಸೊಬ್ಬ ಗಂಡನಿಲ್ಲದ ಹೆಂಗಸಿಗೆ ಫೋನು ಹಚ್ಚಿದರೆ ಅವಳ ಪಕ್ಕದಲ್ಲಿ ಕೂತವರು ಏನೆಂದುಕೊಂಡಾರು? ಅದಿರಲಿ, ಅವಳೇ ಏನೆಂದುಕೊಂಡಾಳು? ಫೋನು ಮತ್ತೆ ಜೇಬಿಗೆ ಹೋಗುತ್ತಿತ್ತು. ಇಷ್ಟು ವರ್ಷ ತಾನು ನೀರಿಗಾಗಿ ಫೋನು ಹಚ್ಚಲಿಲ್ಲ, ಫೋನಿಗಾಗಿ ನೀರು ಹಾಯಿಸಿದೆ ಎಂದು ಅವನಿಗೆ ಆ ದಿನಗಳಲ್ಲಿ ಗೊತ್ತಾಯಿತು. ಅವಳ ದನಿ ಬೇಕಿತ್ತು. ಬೇರೇನೂ ಬೇಡ, "ತಳಾ ಕಂಡಾದ್ರಿ" ಎಂದರೂ ಸಾಕಿತ್ತು.

ಎದುರಿಗೆ ಆ ಹಸಿರು ದೀಪ. ಬೋನಾಳದಿಂದ ಸುದ್ದಿ ಬರುತ್ತಲೇ ಇದೆ, ಇದ್ದೀನಿ, ಇದ್ದೀನಿ, ಇದ್ದೀನಿ. ಯಾರು ಇದ್ದಾರೆ? ಪೆಟ್ಟಿಗೆ ಇದೆ. ಅವಳು ಹೇಗಿದ್ದಾಳೆ ಎಂದು ಹೇಳುವವರು ಯಾರು? ಅಂಬ್ರಪ್ಪ ಆ ದೀಪಕ್ಕೆ ಬೆನ್ನು ಹಾಕಿ ಊಟಕ್ಕೆ ಕೂರುವುದನ್ನು ರೂಢಿ ಮಾಡಿಕೊಂಡ.

ಹೀಗೆ ಬೆನ್ನು ಹಾಕಿ ಕೂತ ಒಂದು ಮಧ್ಯಾಹ್ನ ಮೋಟರು ಗಕ್ಕನೆ ನಿಂತಿತು. ತಿರುಗಿ ನೋಡಿದರೆ ಹಸಿರು ದೀಪ ಆರಿತ್ತು. ಅಂಬ್ರಪ್ಪನ ಎದೆ ಹಾರಿತು, ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ ಹಾರಿತು. ತೌಫೀಕ್ ಓಡಿ ಬಂದು ಲ್ಯಾಪ್‌ಟಾಪು ತೆರೆದ. ಆ ಕಡೆಯಿಂದ ಉಸಿರಿಲ್ಲ. ಹುಡುಗ ಇನ್ನೂ ತಡಕಾಡುತ್ತಿರುವಾಗಲೇ ದೀಪ ತಾನಾಗಿ ಹತ್ತಿಕೊಂಡಿತು. ಮರುದಿನ ಅದೇ ಹೊತ್ತಿಗೆ ಅದೇ ಕಥೆ. ಅದರ ಮರುದಿನವೂ ಹಾಗೇ. ವಾರದ ಲೆಕ್ಕ ಮತ್ತೆ ಮತ್ತೆ ಮೊದಲಿಂದ ಶುರುವಾಯಿತು. ತೌಫೀಕ್ ಬೆಳಗ್ಗೆ ಬೋನಾಳಕ್ಕೆ ಹೋಗಿ ನೋಡಿ ಬಂದರೆ ಎಲ್ಲ ಸರಿಯಾಗೇ ಇರುತ್ತಿತ್ತು.

"ಕೆರಿ ಹಕ್ಕಿ ಬಂದು ಆಂಟೆನಾ ಮ್ಯಾಲೆ ಕೂಡ್ತಾವೇನೋ," ಎಂದ. "ಇಲ್ಲಂದ್ರ ಬಿಸಿಲಿಗೆ ರೇಡಿಯೋ ಕಾಯಾಕತ್ತದ." ಕಡೆಗೆ ಸ್ಪೀಕರ್ ಹಾಕಿ ಲಾಲಮ್ಮನಿಗೇ ಫೋನು ಹಚ್ಚಿದ. "ಅಕ್ಕಾ, ಆ ಪೆಟ್ಟಿಗ್ಯಾಗ ಏನರ ಮುಟ್ಟಾಕತ್ತೀರೇನು?"

"ಅಯ್ಯ, ಇಲ್ಲೋ ಅಣ್ಣಾ! ಅದರ ಬಾಗಲಾನೂ ತೆಗದಿಲ್ಲ ನಾ. ಮುಟ್ಟಿದ್ರ ನನ್ನ ಕೈ ಸೇದಿ ಹೋಗ್ಲಿ!"

ಎಷ್ಟು ದಿನದ ಮೇಲೆ ಕೇಳಿದ ದನಿ! ಅಂಬ್ರಪ್ಪ ಕೈಯಲ್ಲಿದ್ದ ಪಾನಾ ಹಿಡಿದುಕೊಂಡೇ ನಿಂತ. ಎರಡು ಹೆಜ್ಜೆ ಮುಂದೆ ಹೋಗಿ "ಟಾಕಿಯೋರ, ನಾ ಅದೀನ್ರಿ ಇಲ್ಲಿ" ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ತೌಫೀಕ್ ಫೋನು ಇಟ್ಟುಬಿಟ್ಟ.

ಅಷ್ಟು ಹೊತ್ತಿಗೆ ಹಳ್ಳಿಗಳಿಂದ ಕೂಗು ಶುರುವಾಗಿತ್ತು. ಮಧ್ಯಾಹ್ನ ಮೋಟರು ನಿಲ್ಲುವುದರಿಂದ ಕಡೆಯ ಹಳ್ಳಿಗಳ ನಳಗಳಲ್ಲಿ ಸಂಜೆಗೆ ಬರೀ ಗಾಳಿ. ಹೆಣ್ಣುಮಕ್ಕಳು ಕೊಡ ಹಿಡಿದು ಗದ್ದೆಯ ಬೋರಿಗೆ ಹೋಗುವ ಹಾಗಾಯಿತು. ಅದನ್ನು ಕೇಳಿದ ಮೇಲೆ ಅಂಬ್ರಪ್ಪನಿಗೆ ಖುಷಿಪಡಲೂ ನಾಚಿಕೆಯಾಯಿತು.

"ಕಾಕಾ, ನೀವ ಹೋಗ್ರಿ," ಎಂದ ತೌಫೀಕ್. "ನಾ ಇಲ್ಲಿ ಲ್ಯಾಪ್‌ಟಾಪ್ ಮುಂದ ಇರಬೇಕು. ನೀವು ಊಟದ ಹೊತ್ತಿಗಿಂತ ಮೊದಲ ಅಲ್ಲಿ ಕುಂತು, ದೀಪ ಆರೋ ಹೊತ್ತಿಗೆ ಏನಾಗ್ತದ ಕಣ್ಣಿಲೆ ನೋಡ್ರಿ."

ಅಂಬ್ರಪ್ಪ ಗಡ್ಡ ಬೋಳಿಸಿಕೊಂಡ. ಟ್ರಂಕಿನ ತಳದಿಂದ ಇಸ್ತ್ರಿಯ ಬಿಳಿ ಅಂಗಿ ತೆಗೆದ. ತೌಫೀಕ್ ಕಣ್ಣು ಕಿರಿದು ಮಾಡಿ, "ಟಾಕಿ ನೋಡಾಕ ಹೊಂಟೀರೋ, ಹೆಣ್ಣು ನೋಡಾಕ ಹೊಂಟೀರೋ ಕಾಕಾ?" ಎಂದ. "ಸುಮ್ನ ಕೂಡ್ರಿ ಸರ್ರ," ಎಂದು ಗದರಿಸಿ ಅಂಬ್ರಪ್ಪ ಬೈಕಿಗೆ ಒದ್ದ.

ಬೋನಾಳದ ಟಾಕಿಯ ಬುಡದಲ್ಲಿ ಒಂದು ಸಣ್ಣ ಕೋಣೆ, ಅದರ ಮುಂದೆ ಕಟ್ಟೆ. ಲಾಲಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿದವಳು "ಪಂಪಿನೋರ!" ಎಂದು ಎದ್ದು ನಿಂತಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. "ಕುಡೀರಿ. ನಿಮ್ಮ ನೀರ ಅದ."

ಅಂಬ್ರಪ್ಪ ಕುಡಿದ. ಎಂಜಿನಿಯರು ಕಳಿಸಿದ ಎಂದ. ದೀಪ ನೋಡಬೇಕು ಎಂದ. ಅಲ್ಲಿಗೆ ಅವನ ಮಾತಿನ ಗಂಟು ಖಾಲಿಯಾಯಿತು. ಅವಳು ಅವರೆಕಾಯಿ ಸುಲಿದಳು, ಇವನು ಪೆಟ್ಟಿಗೆಯ ದೀಪ ನೋಡುತ್ತ ಕೂತ. ಬೆಳ್ಳಕ್ಕಿಗಳು ಕೆರೆಯ ಕಡೆಗೆ ಹಾರಿ ಹೋದವು, ಆಂಟೆನಾದ ಮೇಲೆ ಒಂದೂ ಕೂರಲಿಲ್ಲ. ಇಷ್ಟು ಹತ್ತಿರ ಕೂತಿದ್ದಾಳೆ, ನದಿಯ ದಂಡೆಯಿಂದ ಫೋನಿನಲ್ಲಿ ಮಾತಾಡಿದಾಗಿನಷ್ಟೂ ಹತ್ತಿರ ಇಲ್ಲವಲ್ಲ ಎಂದು ಅವನಿಗೆ ಅಳು ಬಂದ ಹಾಗಾಯಿತು.

ಊಟದ ಹೊತ್ತಾಯಿತು. ಲಾಲಮ್ಮ ಕೈ ಒರೆಸಿಕೊಂಡು ಒಳಗೆ ಹೋದಳು. ಗೋಡೆಯ ಸಾಕೆಟಿನಲ್ಲಿದ್ದ ಬಿಳಿ ಪ್ಲಗ್ಗನ್ನು ಕಿತ್ತಳು, ಆ ಜಾಗಕ್ಕೆ ಫೋನಿನ ಚಾರ್ಜರು ಚುಚ್ಚಿದಳು. ರಬ್ಬರ್ ಬ್ಯಾಂಡ್ ಹಾಕಿ ಬಿಗಿದ ಹಳೆಯ ಫೋನನ್ನು ಕಿಟಕಿಯಲ್ಲಿಟ್ಟಳು. ಪೆಟ್ಟಿಗೆಯ ರೇಡಿಯೋ ದೀಪ ಆರಿತು.

"ಅದೇನ್ ಮಾಡಿದ್ರಿ?" ಎಂದ ಅಂಬ್ರಪ್ಪ.

"ಯಾವ್ದು? ಇದಾ? ಫೋನ್ ಚಾರ್ಜಿಗೆ ಹಚ್ಚಿದೆ. ಇದು ಮೊದಲಿಂದ ನನ್ನ ಸಾಕೆಟ್ರಿ. ಆ ಸಾಬರ ಹುಡುಗ, ಸಾಮಾನು ಬರೋತನಕ ಸದ್ಯಕ್ಕ ಇರ್ಲಿ ಅಂತ ತಂದೊಂದು ಪ್ಲಗ್ ಚುಚ್ಚಿ ಹೋದ. ಇರೋದು ಒಂದ. ಇರ್ಲಿ ಬಿಡು ಅಂತ, ಊಟದ ಹೊತ್ತಿಗೆ ಅಷ್ಟ ನಂದು ಹಚ್ತೀನಿ, ಆಮ್ಯಾಲೆ ಅವಂದು ಅವಗ ಹಚ್ಚಿ ಇಡ್ತೀನಿ. ಪೆಟ್ಟಿಗಿ ಅಂತೂ ನಾ ಮುಟ್ಟಿಲ್ಲ."

ಇಷ್ಟೇ. ಹಕ್ಕಿಯಿಲ್ಲ, ಬಿಸಿಲಿಲ್ಲ. ಕಡೆಯ ಹಳ್ಳಿಗಳ ನಳ ಒಣಗಿದ್ದು ಒಂದು ಹಳೆಯ ಫೋನಿನ ಹೊಟ್ಟೆ ತುಂಬಿಸಲು. ಅಂಬ್ರಪ್ಪನಿಗೆ ನಗು ಬಂತು. "ಇದ ಹೊತ್ತಿಗೆ ಯಾಕ್ರಿ? ಮನ್ಯಾಗ ಮುಂಜಾನೆ ಹಚ್ಚಬಾರದೇನು?"

"ಮನ್ಯಾಗ ಕರೆಂಟ್ ನಂಬಾಕ ಆಗ್ತದೇನ್ರಿ? ಮ್ಯಾಲೆ ಇದು ಮುದುಕಿ ಆಗ್ಯಾದ. ಮುಂಜಾನೆ ಹಚ್ಚಿದ್ದು ಮಧ್ಯಾಹ್ನಕ್ಕ ಸತ್ತು ಬೀಳ್ತದ. ನಿಮ್ಮ ಫೋನ್ ಬರೋ ಹೊತ್ತಿಗೆ ಜೀವ ಇರಬೇಕಲ್ಲ."

"ನನ್ನ ಫೋನ್ ಈಗ ಬರಂಗಿಲ್ಲಲ್ರಿ."

"ಗೊತ್ತದ."

ಅವಳು ಕಿಟಕಿಯ ಕಡೆಗೆ ಮುಖ ಮಾಡಿ ನಿಂತಿದ್ದಳು. "ಒಂದ್ ವೇಳಿ ಬಂದ್ರ, ಸ್ವಿಚ್ ಆಫ್ ಅಂತ ನಿಮಗ ಕೇಳಿಸಬಾರದು ಅಂತ ಹಚ್ಚಿ ಇಡ್ತೀನಿ. ದಿನಾ ಹಚ್ಚಿ ಇಟ್ಟು ಕುಂತೀನಿ. ಇಷ್ಟ್ ದಿನದಾಗ ನೀವು ಸುಮ್ನ ಒಂದ್ ಸಲನೂ ಹಚ್ಚಲಿಲ್ಲ."

ಅಂಬ್ರಪ್ಪನ ಕಿವಿ ಬಿಸಿಯಾದವು. "ಕೆಲಸ ಇರ್ಲಿಲ್ರಿ," ಎಂದ.

ಥೂ! ಇಷ್ಟು ವರ್ಷ ಕಾದು ಹೇಳುವ ಮಾತೇ ಇದು?

"ಹೌದ್ರಿ. ಕೆಲಸ ಇರ್ಲಿಲ್ಲ," ಎಂದಳು ಲಾಲಮ್ಮ, ತಂಬಿಗೆ ತೆಗೆದುಕೊಂಡು ತೊಳೆಯಲು ಹೊರಗೆ ಹೋದಳು.

ಅಷ್ಟರಲ್ಲಿ ಇವನ ಜೇಬಿನ ಫೋನು ಬಡಿದುಕೊಂಡಿತು. ತೌಫೀಕ್ ಕೂಗುತ್ತಿದ್ದ. "ಕಾಕಾ, ಕಡದದ! ಈಗ ಕಡದದ! ಏನ್ ಕಂಡ್ರಿ ಹೇಳ್ರಿ!"

ಏನೂ ಕಾಣಲಿಲ್ಲ ಎಂದರೆ ಸಾಕಿತ್ತು. ಇನ್ನು ನಾಲ್ಕು ದಿನ ಹೀಗೇ ಕಡಿದರೆ ಪೆಟ್ಟಿಗೆಗಳು ಗಾಡಿ ಏರುತ್ತಿದ್ದವು. ಆಮೇಲೆ ಮತ್ತೆ ಹಾಕಲೇನ್ರಿ, ಮತ್ತೆ ತಳಾ ಕಂಡಾದ್ರಿ, ಮತ್ತೆ ಊಟ ಆತೇನ್ರಿ. ಅಂಬ್ರಪ್ಪ ಆ ಆಸೆಯನ್ನು ಬಾಯಲ್ಲಿಟ್ಟುಕೊಂಡು ಒಂದು ಕ್ಷಣ ನಿಂತ. ಕೊಡ ಹಿಡಿದು ಗದ್ದೆಗೆ ಹೋಗುವ ಹೆಂಗಸರು ನೆನಪಾದರು. ಅದಕ್ಕಿಂತ ಹೆಚ್ಚಾಗಿ, ಕೆಲಸದ ಮರೆಯಲ್ಲಿ ನಿಂತು ಮಾತಾಡುವ ಆ ಬಾಳು ಇನ್ನು ಸಾಕು ಅನ್ನಿಸಿತು.

"ರೇಡಿಯೋದ ಪ್ಲಗ್ ಅದರೀ ಸರ್ರ. ಒಂದ ಸಾಕೆಟ್ ಅದ ಇಲ್ಲಿ, ಅದೂ ಇವರದು. ನೀವ ಸದ್ಯಕ್ಕ ಅಂತ ಚುಚ್ಚಿ ಹೋಗೀರಿ. ನಿಮ್ಮ ಸಾಮಾನು ಲಗೂನ ತಂದು ಬ್ಯಾರೆ ಲೈನ್ ಕೊಡ್ರಿ. ಈಗ ಹಚ್ತೀನಿ, ಅಲ್ಲಿ ನೋಡ್ರಿ."

ಚಾರ್ಜರು ಕಿತ್ತು ಬಿಳಿ ಪ್ಲಗ್ ಒತ್ತಿದ. ದೀಪ ಹತ್ತಿತು. ಆ ಕಡೆಯಿಂದ ತೌಫೀಕನ "ವಾಹ್ ಕಾಕಾ!" ಕೇಳಿತು. ಸ್ವಲ್ಪ ಹೊತ್ತಿಗೆ ಮೇಲೆ ಟಾಕಿಯೊಳಗೆ ನೀರು ಧುಮ್ಮಿಕ್ಕುವ ಸದ್ದು ಬಂತು. ಫೋನಿಲ್ಲದೆ ಆ ಸದ್ದನ್ನು ಅಂಬ್ರಪ್ಪ ಕೇಳಿದ್ದು ಅದೇ ಮೊದಲು. ಬಾಗಿಲಿಗೆ ಬಂದು ನಿಂತಿದ್ದ ಲಾಲಮ್ಮ ರೂಢಿಯಿಂದ ಕಿಟಕಿಯ ಫೋನಿಗೆ ಕೈ ಹಾಕಿ ಪೈಪಿನ ಕಡೆಗೆ ಎತ್ತಿದಳು, ಎತ್ತಿದ ಮೇಲೆ ಇವನನ್ನು ನೋಡಿ ಕೈ ಇಳಿಸಿದಳು. "ಬರ್ತೀನ್ರಿ," ಎಂದು ಅಂಬ್ರಪ್ಪ ಬೈಕು ಹತ್ತಿದ.

ಕೆರೆಯ ಏರಿಯ ತಿರುವಿನಲ್ಲಿ ಅವನಿಗೆ ತಡೆಯಲಾಗಲಿಲ್ಲ. ಬೈಕು ನಿಲ್ಲಿಸಿ ಫೋನು ತೆಗೆದ. ಏನು ಹೇಳಬೇಕೆಂದು ಯೋಚಿಸಲಿಲ್ಲ, ನೆಪ ಹುಡುಕಲಿಲ್ಲ. ಜನ್ಮದಲ್ಲಿ ಮೊದಲ ಸಲ ಸುಮ್ಮನೆ ಹಚ್ಚಿದ. ಗೊತ್ತಿಲ್ಲದ ಹೆಂಗಸೊಬ್ಬಳ ದನಿ, ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಸಾವಧಾನವಾಗಿ ಹೇಳಿತು.

ಆ ಚಾರ್ಜರು ಕಿತ್ತವನು ತಾನೇ. ದಿನಾ ಹಚ್ಚಿಟ್ಟು ಕೂತವಳ ಫೋನು, ಇವನು ಹಚ್ಚಿದ ಆ ಒಂದು ದಿನ ಇವನ ಕೈಯಿಂದಲೇ ಸತ್ತಿತ್ತು. ಅಂಬ್ರಪ್ಪ ಏರಿಯ ಮೇಲೆ ನಿಂತು ತನ್ನ ಹಣೆಗೆ ತಾನೇ ಬಡಿದುಕೊಂಡ. ಆಮೇಲೆ ಬೈಕು ತಿರುಗಿಸಿದ. ಬಸ್‌ಸ್ಟಾಪಿನ ಅಂಗಡಿಯಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸು ತೆಗೆದುಕೊಂಡು ಮತ್ತೆ ಟಾಕಿಯ ಮುಂದೆ ಬಂದು ಇಳಿದ.

ಲಾಲಮ್ಮ ಕಟ್ಟೆಯ ಮೇಲೆ ಬುತ್ತಿ ಗಂಟು ಇಟ್ಟುಕೊಂಡು, ಬಿಚ್ಚದೆ ಕೂತಿದ್ದಳು. ಕಣ್ಣು ಕೆಂಪಗಾಗಿದ್ದವು. "ಯಾಕ್ರಿ? ಮತ್ತೇನರ ಕೆಲಸ ಉಳೀತೇನು?"

ನೆಪ ಕೈಯಲ್ಲೇ ಇತ್ತು. ಅದನ್ನು ಅಂಬ್ರಪ್ಪ ಕಟ್ಟೆಯ ಮೂಲೆಗೆ ಇಟ್ಟ.

"ಕೆಲಸ ಇಲ್ಲ, ಲಾಲಮ್ಮ," ಎಂದ. ಅವಳ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. "ಸುಮ್ನ ಬಂದೀನಿ."

ಲಾಲಮ್ಮ ಸುಲಿದ ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು.

"ಊಟ ಆತೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದ ಅಂಬ್ರಪ್ಪ. ಅವಳು ಬುತ್ತಿ ಬಿಚ್ಚಿದಳು.